ಹೊಲಿಗೆಯೇ ಎಲುಬು: ಹಳೆಬಟ್ಟೆಯ ಕೌದಿ ಮತ್ತು ಶಿಲ್ಪ



ಕೌದಿಯ ಮಾತು ಬಂದಾಗಲೆಲ್ಲ ನಾವು ಅದರ ಬಣ್ಣವನ್ನು ಹೊಗಳುತ್ತೇವೆ, ಇಲ್ಲವೇ ಅಜ್ಜಿಯ ಬೆಚ್ಚನೆಯ ನೆನಪು ತೆಗೆಯುತ್ತೇವೆ. ಎರಡೂ ನಿಜವೇ. ಆದರೆ ಅಷ್ಟಕ್ಕೇ ನಿಂತರೆ ಹೊಲಿದವಳ ಬುದ್ಧಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕೌದಿಗೆ ದಪ್ಪವಿದೆ, ತೂಕವಿದೆ, ಬೆರಳಿಗೆ ಸಿಗುವ ಏರುತಗ್ಗು ಇದೆ. ಹಗ್ಗದ ಮೇಲೆ ಹಾಕಿದರೆ ಒಂದು ರೀತಿ ಜೋತುಬೀಳುತ್ತದೆ, ಮಡಚಿಟ್ಟರೆ ಇನ್ನೊಂದು ರೀತಿ ಕೂರುತ್ತದೆ. ಇವೆಲ್ಲ ಶಿಲ್ಪದ ಗುಣಗಳು. ಹಳೆಬಟ್ಟೆಯನ್ನು ಪದರಪದರವಾಗಿ ಹೊಲಿದು ಶಿಲ್ಪ ಮಾಡುವುದನ್ನು ಇತ್ತೀಚಿನ ಶೋಧವೆಂದು ನಮ್ಮ ಕಲಾಶಾಲೆಗಳಲ್ಲಿ ಹೇಳಿಕೊಡುವುದನ್ನು ಕೇಳಿದ್ದೇನೆ. ನಾನು ಅದನ್ನು ಒಪ್ಪುವುದಿಲ್ಲ. ಬಟ್ಟೆಯನ್ನು ಎಬ್ಬಿಸಿ ನಿಲ್ಲಿಸುವ ತಿಳಿವಳಿಕೆ ಕೌದಿಯ ಹೊಲಿಗೆಯಲ್ಲೇ ಇದೆ. ಒಳ್ಳೆಯ ಬಟ್ಟೆಶಿಲ್ಪ ಆ ತಿಳಿವಳಿಕೆಯ ಕೈ ಹಿಡಿದು ಮುಂದೆ ನಡೆಯುತ್ತದೆ. ಸೊರಗಿದ ಬಟ್ಟೆಶಿಲ್ಪ ಅದನ್ನು ಮರೆತು ಒಳಗೊಂದು ಕಬ್ಬಿಣದ ಸರಳು ಹುಡುಕುತ್ತದೆ. ಈ ಒಂದು ಮಾತನ್ನು ನಿಮ್ಮ ಮುಂದೆ ಸಾಧ್ಯವಾದಷ್ಟು ಬಿಡಿಸಿ ಇಡಬೇಕೆಂದು ಬಂದಿದ್ದೇನೆ.

ಮೊದಲು ಘಟ್ಟದ ಕಾಡಿಗೆ ಹೋಗೋಣ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿಯರು ನೆಲೆಸಿದ್ದಾರೆ. ಅವರ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಈ ಕಾಡು ಸೇರಿದರು. ಇವತ್ತು ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡವೆಂಬ ಮಾನ್ಯತೆ ಸಿಕ್ಕಿತು. ಅಲ್ಲಿನ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಅದನ್ನು ಹೊಲಿಯುವ ಕ್ರಮವನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಮುಂದೆ ನಾನು ಹೇಳಬೇಕಾದದ್ದೆಲ್ಲ ಈ ಕ್ರಮದಲ್ಲೇ ಅಡಗಿದೆ.

ಹಳೆ ಹತ್ತಿ ಸೀರೆಯನ್ನು ನೆಲದ ಮೇಲೆ ಹಾಸುತ್ತಾರೆ. ಅದು ತಳ. ಚೌಕಟ್ಟಿಗೆ ಬಿಗಿಯುವುದಿಲ್ಲ, ಪೆನ್ಸಿಲ್‌ನಿಂದ ಗೆರೆ ಎಳೆಯುವುದಿಲ್ಲ. ಒಂದು ಮೂಲೆಯಲ್ಲಿ ಮೊದಲ ತುಂಡು ಇಟ್ಟು, ಅಂಚನ್ನು ಬೆರಳಿನಿಂದಲೇ ಒಳಕ್ಕೆ ಮಡಚಿ, ಸಾದಾ ಓಡುಹೊಲಿಗೆ ಹಾಕುತ್ತ ಹೊರಡುತ್ತಾರೆ. ಆ ತುಂಡು ಮುಗಿಯುವ ಮುಂಚೆ ಅದರ ಬಗಲಿಗೆ ಇನ್ನೊಂದು ತುಂಡು ಸೇರುತ್ತದೆ. ನಾಲ್ಕೂ ಬದಿ ಸುತ್ತಿ ಬಂದ ಮೇಲೆ ಅದರ ಒಳಗಡೆಗೆ ಇನ್ನೊಂದು ಸುತ್ತು, ಮತ್ತೆ ಒಳಗೆ ಇನ್ನೊಂದು. ಹೀಗೆ ಹೊರಗಿನಿಂದ ಒಳಕ್ಕೆ ಸುತ್ತುತ್ತ ಸುತ್ತುತ್ತ ಕೊನೆಗೆ ನಡುಮಧ್ಯಕ್ಕೆ ಬಂದು ಮುಟ್ಟುತ್ತಾರೆ. ತುಂಡನ್ನು ತಳಕ್ಕೆ ಅಂಟಿಸುವುದೂ ಅದೇ ಹೊಲಿಗೆ, ಪದರಗಳನ್ನು ಒಂದಾಗಿ ಬಿಗಿಯುವುದೂ ಅದೇ ಹೊಲಿಗೆ. ಮುಗಿಸುವಾಗ ನಾಲ್ಕು ಮೂಲೆಗೂ ಮಡಚಿದ ಪುಟ್ಟ ತ್ರಿಕೋನಗಳನ್ನು ಕೂರಿಸುತ್ತಾರೆ. ಅವಕ್ಕೆ ಫುಲಾ ಎನ್ನುತ್ತಾರೆ. ಫುಲಾ ಇಲ್ಲದ ಕವಂದಿಯನ್ನು ಅವರು ಪೂರ್ತಿಯಾದದ್ದೆಂದು ಒಪ್ಪುವುದಿಲ್ಲ.

ಯುರೋಪು, ಅಮೆರಿಕದ ಕೈಹೊಲಿಗೆಯ ಕೌದಿಗಾರರು ರೂಢಿಯಾಗಿ ಇದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆಯುತ್ತಾರೆ. ಮೇಲ್ಪದರ, ನಡುವಿನ ಹತ್ತಿ, ತಳ ಮೂರನ್ನೂ ಕಚ್ಚಾ ಹೊಲಿಗೆಯಿಂದ ಸೇರಿಸಿಕೊಂಡು, ಚೌಕಟ್ಟಿಗೆ ಬಿಗಿದು, ನಡುವಿನಿಂದ ಅಂಚಿನ ಕಡೆಗೆ ಹೊಲಿಯುತ್ತಾರೆ. ಸಡಿಲ ಬಟ್ಟೆಯೆಲ್ಲ ಹೊರಕ್ಕೆ ಸರಿದು ಅಂಚಿನಲ್ಲಿ ಕಳೆದುಹೋಗಲಿ, ಕೌದಿ ಚಪ್ಪಟೆಯಾಗಿ ಬರಲಿ ಎಂಬುದು ಅದರ ಉದ್ದೇಶ. ಸಿದ್ದಿ ಹೆಂಗಸು ಅಂಚನ್ನು ಮೊದಲೇ ಕಟ್ಟಿಬಿಡುತ್ತಾಳೆ. ಸಡಿಲ ಬಟ್ಟೆಗೆ ಹೊರಗೆ ದಾರಿಯಿಲ್ಲ, ಅದು ಒಳಕ್ಕೆ ಒತ್ತರಿಸುತ್ತ ನಡುವಿನಲ್ಲಿ ಉಬ್ಬಲು ನೋಡುತ್ತದೆ. ಆ ಉಬ್ಬನ್ನು ಅವಳು ಪ್ರತಿ ಸುತ್ತಿನಲ್ಲೂ ಅಂಗೈಯಿಂದ ಅಳೆಯುತ್ತಾಳೆ: ಇಲ್ಲಿ ದಾರ ತುಸು ಬಿಗಿ, ಅಲ್ಲಿ ಸಡಿಲ, ಇಲ್ಲೊಂದು ದಪ್ಪ ತುಂಡು, ಅಲ್ಲೊಂದು ತೆಳು ತುಂಡು. ಚಪ್ಪಟೆಯಾಗಿ ಕೂರುವ ಒಂದು ಕವಂದಿ ಎಂದರೆ ಅವಳು ಅಂಗೈಯಲ್ಲಿ ಪಳಗಿಸಿದ ಗುಮ್ಮಟ. ಗುಮ್ಮಟವನ್ನು ಪಳಗಿಸಬಲ್ಲವಳಿಗೆ ಅದನ್ನು ಏಳಿಸುವುದು ಗೊತ್ತಿರುವುದಿಲ್ಲವೇ? ಒಂದು ಸುತ್ತಿನಲ್ಲಿ ದಾರವನ್ನು ಬೇಕೆಂದೇ ಬಿಗಿಯಾಗಿ ಎಳೆದರೆ ಸಾಕು, ನಡು ಎದ್ದು ನಿಲ್ಲುತ್ತದೆ. ನನ್ನ ಮಟ್ಟಿಗೆ ಬಟ್ಟೆಶಿಲ್ಪದ ಮೊದಲ ಪಾಠ ಇದು, ಮತ್ತು ಇದನ್ನು ಕಲಿಯಲು ನಾವು ದೇಶ ಬಿಟ್ಟು ಹೋಗಬೇಕಾಗಿಲ್ಲ.

ಬಯಲುಸೀಮೆಯ ಕೌದಿ ಬೇರೆ ಜಾತಿಯದು. ಧಾರವಾಡ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆ ಒಂದರ ಮೇಲೊಂದು ಹಲವು ಸೀರೆ ಧೋತರ ಹಾಸಿ, ಉದ್ದಕ್ಕೂ ಸಾಲುಸಾಲಾಗಿ ಹೊಲಿಯುತ್ತಾರೆ. ಇಳಕಲ್ ಸೀರೆ ಹರಿದರೂ ಅದರ ದಡಿ ಬೇಗ ಹರಿಯುವುದಿಲ್ಲ. ಹಾಗಾಗಿ ಗೋಮಿ ದಡಿ, ಪರಾಸಪೇಟ ದಡಿ, ಗಾಡಿ ದಡಿಗಳನ್ನು ಬಿಚ್ಚಿ ಕೌದಿಯ ಅಂಚಿಗೋ ನಡುವಿಗೋ ಹಚ್ಚುತ್ತಾರೆ. ಆ ಸೀರೆಯ ಕೆಂಪು ಸೆರಗಿನ ಬಿಳಿ ತೆನಿ ವಿನ್ಯಾಸಗಳು ಎಷ್ಟೋ ಕೌದಿಗಳ ನಡುವೆ ಹೊಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಈ ಕೌದಿಗೆ ಭಾರವೇ ಬಲ. ಮೈಮೇಲೆ ಎಳೆದುಕೊಂಡಾಗ ಅದು ದೇಹದ ಆಕಾರಕ್ಕೆ ಒಗ್ಗಿ ಕೂರುತ್ತದೆ, ಎದ್ದು ಹೋದ ಮೇಲೂ ಸ್ವಲ್ಪ ಹೊತ್ತು ಆ ಆಕಾರವನ್ನು ಹಿಡಿದಿಟ್ಟುಕೊಂಡಿರುತ್ತದೆ. ಹೊಸ ಬಟ್ಟೆಯ ರಜಾಯಿಯಲ್ಲಿ ಈ ಗುಣ ಸಿಗುವುದಿಲ್ಲ.

ಹಾಗಾದರೆ ಹಳೆಬಟ್ಟೆಯಲ್ಲಿ ಏನಿದೆ? ಮೊದಲನೆಯದು ಬರೀ ಭೌತಿಕ ಸಂಗತಿ. ಹತ್ತಾರು ಬಾರಿ ಒಗೆದ ಹತ್ತಿಯಲ್ಲಿ ಮಗ್ಗದ ಗಂಜಿ ಉಳಿದಿರುವುದಿಲ್ಲ. ಕುಗ್ಗಬೇಕಾದಷ್ಟು ಕುಗ್ಗಿ ಆಗಿರುತ್ತದೆ, ಬಿಡಬೇಕಾದ ಬಣ್ಣ ಬಿಟ್ಟಾಗಿರುತ್ತದೆ. ಸೂಜಿ ಸಲೀಸಾಗಿ ಇಳಿಯುತ್ತದೆ. ನಾಲ್ಕೈದು ಪದರ ದಾಟಿಸಬೇಕಾದಾಗ ಇದು ಬಹಳ ದೊಡ್ಡ ಮಾತು. ಹೊಸ ಪಾಪ್ಲಿನ್‌ನ ಐದು ಪದರಕ್ಕೆ ಕೈಸೂಜಿ ಇಳಿಸಿ ನೋಡಿದವರಿಗೆ ಗೊತ್ತು. ಎಳೆಗೂಸಿಗೆ ಹಳೆ ಸೀರೆಯನ್ನೇ ಹಾಸುವ ನಮ್ಮ ಮನೆಗಳ ಪದ್ಧತಿಗೂ ಇದೇ ಕಾರಣ.

ಎರಡನೆಯದು, ಹಳೆಬಟ್ಟೆ ಎಲ್ಲ ಕಡೆ ಒಂದೇ ಸಮನಾಗಿ ಹಳತಾಗಿರುವುದಿಲ್ಲ. ಪ್ಯಾಂಟಿನ ಮೊಣಕಾಲು ಸವೆದಿರುತ್ತದೆ, ಜೇಬಿನ ಅಡಿ ಹೊಸತರಂತೆ ಕಡುಬಣ್ಣದಲ್ಲಿರುತ್ತದೆ. ಅಂಗಿಯ ಕಾಲರು ನವೆದಿರುತ್ತದೆ, ಬೆನ್ನಿನ ಮೇಲಿನ ಪಟ್ಟಿ ಗಟ್ಟಿ ಉಳಿದಿರುತ್ತದೆ. ಸೀರೆಯಲ್ಲಿ ಸೊಂಟಕ್ಕೆ ಸಿಕ್ಕಿಸುವ ಭಾಗ ಒಂದು ತರಹ, ಸೆರಗು ಇನ್ನೊಂದು ತರಹ. ತೊಟ್ಟವರ ದೇಹದ ನಕ್ಷೆ ಬಟ್ಟೆಯ ಮೇಲೆ ಬಿದ್ದಿರುತ್ತದೆ. ಶಿಲ್ಪಿಗೆ ಇದಕ್ಕಿಂತ ಶ್ರೀಮಂತವಾದ ಮಾಧ್ಯಮ ಬೇಕೇ?

ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ತೋರಿಸಿದ್ದು ಅಮೆರಿಕದ ಅಲಬಾಮಾ ರಾಜ್ಯದ ಒಂದು ಊರು. ಅಲಬಾಮಾ ನದಿಯ ತಿರುವಿನೊಳಗೆ ಸಿಕ್ಕಿಕೊಂಡಂತಿರುವ ಆ ಊರಿಗೆ ಗೀಸ್ ಬೆಂಡ್ ಎನ್ನುತ್ತಾರೆ. ಹತ್ತಿ ತೋಟದ ಗುಲಾಮರ ಮೊಮ್ಮಕ್ಕಳು ಮರಿಮಕ್ಕಳು ಅಲ್ಲಿಯೇ ಉಳಿದರು. ತೋಟದ ಒಡೆಯನ ಪೆಟ್ವೇ ಎಂಬ ಹೆಸರೇ ಇವತ್ತಿಗೂ ಅಲ್ಲಿನ ಬಹುತೇಕರ ಮನೆಹೆಸರು. ಅಲ್ಲಿ ಮಿಸೌರಿ ಪೆಟ್ವೇ ಎಂಬ ಹೆಂಗಸು 1942ರಲ್ಲಿ ಗಂಡ ತೀರಿಹೋದ ಮೇಲೆ ಅವನ ಹೊಲದ ಕೆಲಸದ ಬಟ್ಟೆಗಳನ್ನೆಲ್ಲ ಕತ್ತರಿಸಿ ಒಂದು ಕೌದಿ ಹೊಲಿದಳು. ಅವನನ್ನು ನೆನೆಯುತ್ತ ಅದನ್ನು ಹೊದ್ದು ಮಲಗುವುದಕ್ಕಾಗಿ ಅಮ್ಮ ಹಾಗೆ ಮಾಡಿದಳೆಂದು ಅವಳ ಮಗಳು ಅರ್ಲೋನ್ಜಿಯಾ ಮುಂದೆ ಹೇಳಿದ್ದಾಳೆ. ಆ ಕೌದಿ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿದೆ. ಅದರಲ್ಲಿ ಚಿತ್ರವಿಲ್ಲ, ಹೂಬಳ್ಳಿಯಿಲ್ಲ. ಸವೆದ ನೀಲಿ, ಮಾಸಿದ ಕಂದು, ಉದ್ದುದ್ದ ಪಟ್ಟಿಗಳು. ಆದರೂ ಅದರ ಎದುರು ನಿಂತವರು ಒಬ್ಬ ಮನುಷ್ಯನ ಎತ್ತರ ಅಗಲವನ್ನು ಗ್ರಹಿಸುತ್ತಾರೆ. 2002ರಲ್ಲಿ ಹ್ಯೂಸ್ಟನ್‌ನ ಲಲಿತಕಲಾ ಸಂಗ್ರಹಾಲಯದಲ್ಲಿ ಗೀಸ್ ಬೆಂಡಿನ ಕೌದಿಗಳ ಪ್ರದರ್ಶನ ನಡೆದು, ಮುಂದೆ ನ್ಯೂಯಾರ್ಕಿಗೆ ಹೋದಾಗ ವಿಮರ್ಶಕರು ಅವನ್ನು ಆಧುನಿಕ ಅಮೂರ್ತ ಚಿತ್ರಕಲೆಯ ಸಾಲಿನಲ್ಲಿಟ್ಟು ಮೆಚ್ಚಿದರು. ಮೆಚ್ಚುಗೆ ಸರಿ, ಸಾಲು ಸರಿಯಲ್ಲ ಎಂದು ನನಗೆ ತೋರುತ್ತದೆ. ಅವು ದೇಹದ ಅಳತೆಯಿಂದ ಹುಟ್ಟಿದ ಕೃತಿಗಳು; ಚಿತ್ರಕಲೆಗಿಂತ ಶಿಲ್ಪಕ್ಕೆ ಹತ್ತಿರ.

ಜಪಾನಿನ ಉತ್ತರ ತುದಿಯ ಅಓಮೋರಿ ಪ್ರಾಂತ್ಯದಲ್ಲಿ ಈ ಮಾತಿಗೆ ಇನ್ನೂ ನೇರವಾದ ಸಾಕ್ಷಿ ಇದೆ. ಚಳಿ ಹೆಚ್ಚಾದ್ದರಿಂದ ಅಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ದಕ್ಷಿಣದಿಂದ ಹಡಗಿನಲ್ಲಿ ಬರುತ್ತಿದ್ದ ಹಳೆ ಹತ್ತಿಯ ಚೂರುಗಳೇ ಬಡ ರೈತರ ಪಾಲಿಗೆ ಹೊನ್ನು. ಸೆಣಬಿನ ಬಟ್ಟೆಯ ಮೇಲೆ ಆ ಚೂರುಗಳನ್ನು ತಲೆಮಾರುಗಟ್ಟಲೆ ಹೊಲಿಯುತ್ತ ಹೋಗಿ ಮಾಡಿದ, ಅಂಗಿಯ ಆಕಾರದ ದಪ್ಪ ಹೊದಿಕೆಗೆ ದೋಂಜಾ ಎನ್ನುತ್ತಾರೆ. ಎತ್ತಲು ಎರಡೂ ಕೈ ಬೇಕಾಗುವಷ್ಟು ಭಾರ. ಮನೆಯವರೆಲ್ಲ ಅದರೊಳಗೆ ಸೇರಿ ಮಲಗುತ್ತಿದ್ದರು. ತನಕಾ ಚೂಜಾಬುರೋ ಎಂಬ ಜಾನಪದ ವಿದ್ವಾಂಸರು ಊರೂರು ತಿರುಗಿ ಅವನ್ನು ಸಂಗ್ರಹಿಸದಿದ್ದರೆ ನಾಚಿಕೆಯ ಗುರುತೆಂದು ಜನ ಅವನ್ನೆಲ್ಲ ಸುಟ್ಟುಬಿಡುತ್ತಿದ್ದರು. ತೂಗುಹಾಕಿದ ದೋಂಜಾ ಯಾರೂ ಒಳಗಿಲ್ಲದೆಯೂ ತೋಳು ಚಾಚಿ ನಿಂತಿರುತ್ತದೆ. ಅದಕ್ಕೆ ಒಳಗೆ ಸರಳಿಲ್ಲ, ತಂತಿಯಿಲ್ಲ. ಹೊಲಿಗೆಯ ದಟ್ಟಣೆಯೇ ಅದನ್ನು ನಿಲ್ಲಿಸಿದೆ.

ಈ ದಟ್ಟಣೆಯ ವಿಚಾರವನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಎರಡು ಪದರ ಬಟ್ಟೆಯನ್ನು ಒಂದು ಅಂಗುಲಕ್ಕೊಂದು ಸಾಲಿನಂತೆ ಹೊಲಿದರೆ ಅದು ಬಟ್ಟೆಯಾಗಿಯೇ ಉಳಿಯುತ್ತದೆ. ಅದೇ ಬಟ್ಟೆಗೆ ಕಾಲಂಗುಲಕ್ಕೊಂದು ಸಾಲು ಹಾಕಿ, ಅದು ರಟ್ಟಿನಂತೆ ಬಿರುಸಾಗುತ್ತದೆ. ಪ್ರತಿ ಹೊಲಿಗೆಯೂ ಬಟ್ಟೆಯನ್ನು ಕೂದಲೆಳೆಯಷ್ಟು ಎಳೆದುಕೊಳ್ಳುತ್ತದೆ, ಹಾಗಾಗಿ ದಟ್ಟ ಹೊಲಿಗೆಯ ಭಾಗ ಕುಗ್ಗುತ್ತದೆ. ಒಂದೇ ತುಂಡಿನಲ್ಲಿ ಅಂಚು ದಟ್ಟವಾಗಿ, ನಡು ವಿರಳವಾಗಿ ಹೊಲಿದರೆ ಅಂಚು ಕುಗ್ಗಿ ನಡು ಬಟ್ಟಲಾಗುತ್ತದೆ. ನಡುವನ್ನು ದಟ್ಟ ಮಾಡಿ ಅಂಚನ್ನು ಬಿಟ್ಟರೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಅಂಚು ಅಲೆಅಲೆಯಾಗಿ ಏಳುತ್ತದೆ. ಇಷ್ಟು ಗೊತ್ತಾದರೆ ಗೊಂಬೆಗೆ ತುಂಬುವಂತೆ ಹತ್ತಿ ತುಂಬದೆಯೇ ನೀವು ಬಟ್ಟಲು, ತೊಟ್ಟಿ, ಎಲೆ, ಕಿವಿ, ಬೆನ್ನು ಏನನ್ನು ಬೇಕಾದರೂ ಎಬ್ಬಿಸಬಹುದು.

ಇನ್ನು ದರ್ಜಿಗಳ ವಿದ್ಯೆ. ರವಿಕೆ ಹೊಲಿಯುವ ಪ್ರತಿಯೊಬ್ಬರಿಗೂ ಗೊತ್ತಿರುವಂತೆ, ಚಪ್ಪಟೆ ಬಟ್ಟೆಯಿಂದ ಡಾರ್ಟ್ ಎಂಬ ತ್ರಿಕೋನದ ಮಡಿಕೆ ತೆಗೆದರೆ ಅದು ಶಂಕುವಿನಂತೆ ಮುಂದೆ ಬರುತ್ತದೆ. ಅದೇ ಜಾಗದಲ್ಲಿ ತ್ರಿಕೋನದ ತುಂಡೊಂದನ್ನು ಸೇರಿಸಿದರೆ ನೆರಿಗೆಯಾಗಿ ಅಗಲವಾಗುತ್ತದೆ. ಒಳಬಾಗಿದ ಅಂಚಿಗೆ ಹೊರಬಾಗಿದ ಅಂಚನ್ನು ಹೊಲಿದರೆ ಮೈ ಬರುತ್ತದೆ. ರವಿಕೆಯ ತೋಳು ಹೆಗಲಿಗೆ ಕೂರುವುದೇ ಹೀಗೆ. ಬಟ್ಟೆ ಹಾಸಿನ ನೇರಕ್ಕೂ ಹೊಕ್ಕಿನ ನೇರಕ್ಕೂ ಹಿಗ್ಗುವುದಿಲ್ಲ, ಕ್ರಾಸ್ ಎಳೆದರೆ ಹಿಗ್ಗುತ್ತದೆ. ಆದ್ದರಿಂದ ದುಂಡನೆಯ ಮೈ ಬೇಕಾದಲ್ಲಿ ಕ್ರಾಸ್ ಪಟ್ಟಿ, ಬಿಗಿ ಬೇಕಾದಲ್ಲಿ ನೇರ ಪಟ್ಟಿ. ಓಣಿಯ ಟೇಲರ್ ಅಂಗಡಿಯಲ್ಲಿ ಇಷ್ಟು ದೊಡ್ಡ ಜ್ಯಾಮಿತಿ ದಿನವೂ ನಡೆಯುತ್ತಿದೆ. ಕೌದಿಯವಳ ದಾರದ ಬಿಗಿ ಮತ್ತು ಟೇಲರನ ಕತ್ತರಿಯ ಬಾಗು, ಈ ಎರಡೂ ಕೂಡಿದಲ್ಲಿ ಬಟ್ಟೆಶಿಲ್ಪ ಶುರುವಾಗುತ್ತದೆ. ಉಬ್ಬು ಕೌದಿಗೆ ಯುರೋಪಿನಲ್ಲೂ ಹಳೆಯ ಇತಿಹಾಸವಿದೆ. ಹದಿನಾಲ್ಕನೇ ಶತಮಾನದ ಕೊನೆಯ ಭಾಗದಲ್ಲಿ ಸಿಸಿಲಿಯಲ್ಲಿ ತಯಾರಾದ ಟ್ರಿಸ್ಟನ್ ಕೌದಿಯಲ್ಲಿ ಕುದುರೆ, ಹಡಗು, ಯೋಧರ ರೂಪಗಳನ್ನು ಗೆರೆಯಲ್ಲಿ ಹೊಲಿದು ಒಳಕ್ಕೆ ಹತ್ತಿ ತೂರಿಸಿ ಉಬ್ಬಿಸಿದ್ದಾರೆ. ಅದರ ಒಂದು ಭಾಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಆದರೆ ಅದು ಸಿರಿವಂತರ ಮನೆಗೆ ಹೊಸ ಲಿನನ್ನಿನಲ್ಲಿ ಮಾಡಿದ್ದು. ನಮ್ಮ ವಿಷಯ ಹಳೆಬಟ್ಟೆ.

ಇಪ್ಪತ್ತನೇ ಶತಮಾನದಲ್ಲಿ ಈ ದಾರಿಯಲ್ಲಿ ದೂರ ನಡೆದವರಲ್ಲಿ ನನಗೆ ಇಬ್ಬರು ಬಹಳ ಮುಖ್ಯ. ಪೋಲೆಂಡಿನ ಮಗ್ದಲೇನಾ ಅಬಕಾನೋವಿಚ್ 1930ರಲ್ಲಿ ಹುಟ್ಟಿದವರು. ಯುದ್ಧದ ನಂತರದ ಬಡತನದಲ್ಲಿ ಅವರಿಗೆ ದೊಡ್ಡ ಸ್ಟುಡಿಯೋ ಇರಲಿಲ್ಲ, ದುಬಾರಿ ಸಾಮಗ್ರಿ ಇರಲಿಲ್ಲ. ಬಂದರಿನಲ್ಲಿ ಬಿದ್ದಿದ್ದ ಹಳೆ ಹಡಗಿನ ಹಗ್ಗಗಳನ್ನು ತಂದು, ಬಿಚ್ಚಿ, ಬಣ್ಣ ಹಾಕಿ, ಮಾಡಿನಿಂದ ತೂಗುವ ಬೃಹತ್ ರೂಪಗಳನ್ನು ನೇಯ್ದರು. 1965ರ ಸಾವೊ ಪೌಲೊ ದ್ವೈವಾರ್ಷಿಕ ಪ್ರದರ್ಶನದಲ್ಲಿ ಅವರಿಗೆ ಚಿನ್ನದ ಪದಕ ಬಂತು. 1978ರಿಂದ 1980ರ ನಡುವೆ ಅವರು ಮಾಡಿದ 'ಎಂಬ್ರಿಯಾಲಜಿ' ಎಂಬ ಕೃತಿಯಲ್ಲಿ ಗೋಣಿ, ಜಾಳಿ ಬಟ್ಟೆ, ಹಗ್ಗಗಳಿಂದ ಹೊಲಿದು ತುಂಬಿದ ಸುಮಾರು 800 ಉಂಡೆಗಳಿವೆ. ಕೆಲವು ಮುಷ್ಟಿಯಷ್ಟು, ಕೆಲವು ಮನುಷ್ಯ ಮಲಗಿದಷ್ಟು. ಹೊಲಿಗೆ ಅಲ್ಲಲ್ಲಿ ಬಿಟ್ಟುಕೊಂಡು ಒಳಗಿನದು ಕಾಣುತ್ತದೆ. 1980ರ ವೆನಿಸ್ ಪ್ರದರ್ಶನದಲ್ಲಿ ಅವು ನೆಲದ ತುಂಬ ಹರಡಿದ್ದವು. ಹೊಲಿಗೆ ಗಾಯದ ಕಲೆಯಂತೆ ಕಾಣುವ ಆ ಉಂಡೆಗಳನ್ನು ಕಂಡವರಿಗೆ ಯುದ್ಧ ಕಂಡ ನಾಡಿನ ಮಗಳು ಏನು ಹೇಳುತ್ತಿದ್ದಾಳೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಇನ್ನೊಬ್ಬರು ಲೂಯಿಸ್ ಬೂರ್ಜ್ವಾ. 1911ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬಾಳಿದವರು. ಹಳೆಯ ಚಿತ್ರಗಂಬಳಿಗಳ ರಿಪೇರಿ ಅವರ ಮನೆತನದ ಉದ್ಯೋಗ. ಸವೆದು ಹೋಗುತ್ತಿದ್ದದ್ದು ಹೆಚ್ಚಾಗಿ ಕೆಳಗಿನ ಭಾಗವಾದ್ದರಿಂದ, ಕಳೆದುಹೋದ ಪಾದಗಳನ್ನು ಬರೆದುಕೊಡುವುದು ಬಾಲಕಿ ಲೂಯಿಸಳ ಕೆಲಸವಾಗಿತ್ತು. ಕಲ್ಲು, ಮರ, ಕಂಚು ಎಲ್ಲದರಲ್ಲೂ ಕೆಲಸ ಮಾಡಿ ಎಂಬತ್ತು ದಾಟಿದ ಮೇಲೆ ಅವರು ತಮ್ಮ ಬೀರು ತೆರೆದರು. ದಶಕಗಳಿಂದ ಉಳಿಸಿಕೊಂಡಿದ್ದ ಲಂಗ, ಕೋಟು, ಟವೆಲ್ಲು, ಹಾಸಿಗೆಯ ಬಟ್ಟೆಗಳನ್ನು ತೆಗೆದು ಕತ್ತರಿಸಿ ತಲೆಗಳನ್ನು ಹೊಲಿದರು, ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿ ಕಂಬಗಳನ್ನು ನಿಲ್ಲಿಸಿದರು. 2002ರಲ್ಲಿ ಮಾಡಿದ ಬಟ್ಟೆಯ ಪುಸ್ತಕದ ಹಾಳೆಗಳು ಅವರ ಮದುವೆ ಕಾಲದ, ಹೆಸರಿನ ಅಕ್ಷರ ಕಸೂತಿ ಮಾಡಿದ ಲಿನನ್ ಟವೆಲ್ಲುಗಳು. 2010ರಲ್ಲಿ ತೀರಿಕೊಳ್ಳುವವರೆಗೆ ಅವರು ಬಟ್ಟೆಯನ್ನು ಬಿಡಲಿಲ್ಲ. ಅವರ ತಲೆಗಳಲ್ಲಿ ಹೊಲಿಗೆಯನ್ನು ಒಳಗೆ ಅಡಗಿಸಿಲ್ಲ; ಕೆನ್ನೆಯ ಮೇಲೆ, ತುಟಿಯ ಬದಿಯಲ್ಲಿ ದೊಡ್ಡದಾಗಿ ಬಿಟ್ಟಿದ್ದಾರೆ. ಮುಖದ ಮಾಂಸವೂ ಹೊಲಿಗೆಯೇ, ಎಲುಬೂ ಹೊಲಿಗೆಯೇ. ನಾನು ಇವತ್ತಿನ ಉಪನ್ಯಾಸಕ್ಕೆ ಕೊಟ್ಟ ಹೆಸರಿನ ಹಿಂದೆ ಕವಂದಿಯ ಜೊತೆಗೆ ಈ ತಲೆಗಳೂ ಇವೆ.

ನ್ಯೂಯಾರ್ಕಿನ ಹಾರ್ಲೆಮ್‌ನ ಆಫ್ರಿಕನ್-ಅಮೆರಿಕನ್ ಕಲಾವಿದೆ ಫೇತ್ ರಿಂಗ್‌ಗೋಲ್ಡ್ ಅವರನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ಅವರ ತಾಯಿ ವಿಲ್ಲಿ ಪೋಸಿ ವೃತ್ತಿಯಿಂದ ಉಡುಪು ವಿನ್ಯಾಸಕಿ. ಎಪ್ಪತ್ತರ ದಶಕದಲ್ಲಿ ರಿಂಗ್‌ಗೋಲ್ಡ್ ಬಟ್ಟೆಯ ಮುಖವಾಡಗಳನ್ನೂ ಆಳೆತ್ತರದ ಮೆತ್ತನೆಯ ಶಿಲ್ಪಗಳನ್ನೂ ಮಾಡಿದರು. 1980ರಲ್ಲಿ ತಾಯಿ ಮಗಳು ಸೇರಿ ಮೊದಲ ಕೌದಿ ಹೊಲಿದರು. ಶಿಲ್ಪ ಮೊದಲು, ಕೌದಿ ಆಮೇಲೆ ಎಂಬ ಈ ಕ್ರಮ ನನಗೆ ಕುತೂಹಲದ್ದು: ಬಟ್ಟೆಯ ಮೈ ಏನೆಂದು ತಿಳಿದ ಮೇಲೆ ಅವರು ಚಪ್ಪಟೆಗೆ ಬಂದರು. ಅದೇ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ 2011ರಲ್ಲಿ ನಮ್ಮ ಸಿದ್ದಿ ಹೆಂಗಸರ ಕವಂದಿಗಳು ಪ್ರದರ್ಶನಗೊಂಡವು. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ವರ್ಷಗಟ್ಟಲೆ ಸಿದ್ದಿ ಊರುಗಳಲ್ಲಿ ಓಡಾಡಿ ಇದಕ್ಕೆ ದಾರಿ ಮಾಡಿದ್ದರು. ಆಫ್ರಿಕಾದಿಂದ ಎರಡು ದಿಕ್ಕಿಗೆ ಒಯ್ದ ಗುಲಾಮರ ಮೊಮ್ಮಕ್ಕಳ ಹೊಲಿಗೆ ಹೀಗೆ ಒಂದೇ ಓಣಿಯಲ್ಲಿ ಮುಖಾಮುಖಿಯಾಯಿತು.

ಸ್ಯಾನ್‌ಫರ್ಡ್ ಬಿಗರ್ಸ್ ಅವರ ವಿಷಯದಲ್ಲಿ ನನಗೆ ಎರಡು ಮನಸ್ಸಿದೆ. 1970ರಲ್ಲಿ ಹುಟ್ಟಿದ ಈ ಕಲಾವಿದ ಸುಮಾರು 2009ರಿಂದ ಹಳೆಯ ಅಮೆರಿಕನ್ ಕೌದಿಗಳನ್ನು ತಂದು, ಅವುಗಳ ಮೇಲೆ ಬಣ್ಣ ಹಚ್ಚಿ, ಕತ್ತರಿಸಿ, ಮರದ ಚೌಕಟ್ಟಿನ ಮೇಲೆ ಕಾಗದ ಮಡಚಿದಂತೆ ಮೂಲೆಮೂಲೆಯಾಗಿ ಮಡಚಿ ಶಿಲ್ಪ ಮಾಡುತ್ತಾರೆ. 2020ರಲ್ಲಿ ಬ್ರಾಂಕ್ಸ್ ಸಂಗ್ರಹಾಲಯದಲ್ಲಿ ಈ ಕೃತಿಗಳ ದೊಡ್ಡ ಪ್ರದರ್ಶನವಾಯಿತು. ಕೌದಿಯ ಚೌಕುಳಿಗಳು ಆ ಮಡಿಕೆಗಳಲ್ಲಿ ತಿರುಗುವ ಸೊಗಸು ಅಪೂರ್ವ. ಆದರೆ ರೂಪವನ್ನು ಹೊತ್ತಿರುವುದು ಮರ, ಹೊಲಿಗೆಯಲ್ಲ. ಜೊತೆಗೆ ಹೆಸರು ಗೊತ್ತಿಲ್ಲದ ಒಬ್ಬ ಹೆಂಗಸು ಪೂರ್ತಿ ಮಾಡಿ ಮುಗಿಸಿದ ಕೃತಿಗೆ ಕತ್ತರಿ ಹಾಕುವುದು ಹರಿದ ಸೀರೆಗೆ ಕತ್ತರಿ ಹಾಕಿದಷ್ಟು ಸಲೀಸಾಗಿ ನನಗೆ ತೋರುವುದಿಲ್ಲ. ಹರಿದ ಸೀರೆ ಮುಂದಿನ ರೂಪಕ್ಕೆ ಕಾದಿರುತ್ತದೆ, ಮುಗಿದ ಕೌದಿ ತನ್ನ ರೂಪವನ್ನು ಪಡೆದಾಗಿದೆ. ನಮ್ಮ ವಿದ್ಯಾರ್ಥಿಗಳು ಹಳೆ ಕೌದಿಗಳನ್ನು ಸಂತೆಯಲ್ಲಿ ಕೊಂಡು ಕತ್ತರಿಸತೊಡಗಿದ್ದಾರೆ. ದಯವಿಟ್ಟು ಬೇಡ. ಚಿಂದಿಗೇನು ಬರವೇ?

ಚಿಂದಿ ಎಂದ ಕೂಡಲೇ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಕತ್ತರಿ ಚೂರುಗಳು ನೆನಪಾಗುತ್ತವೆ. ಅವು ಸುಲಭವಾಗಿ ಸಿಗುತ್ತವೆ, ಬಣ್ಣ ಹೊಳೆಯುತ್ತದೆ, ಅವನ್ನು ಉಳಿಸುವುದು ಒಳ್ಳೆಯ ಕೆಲಸವೂ ಹೌದು. ಆದರೆ ಅವನ್ನು ಯಾರೂ ತೊಟ್ಟಿಲ್ಲ. ಅವುಗಳಲ್ಲಿ ಗಂಜಿ ಇನ್ನೂ ಇದೆ, ಸವೆತದ ನಕ್ಷೆ ಇಲ್ಲ. ತುಂಬುವುದಕ್ಕೆ, ತಳಕ್ಕೆ ಅವನ್ನು ಬಳಸಿ. ಮುಖಕ್ಕೆ ತೊಟ್ಟ ಬಟ್ಟೆಯನ್ನೇ ಹುಡುಕಿ ಎಂಬುದು ನನ್ನ ಸಲಹೆ. ಹರಿಯಾಣದ ಪಾಣಿಪತ್ತಿಗೆ ದೂರದೂರದ ದೇಶಗಳಿಂದ ಕಂಟೇನರುಗಟ್ಟಲೆ ಹಳೆ ಉಣ್ಣೆ ಬಟ್ಟೆ ಬರುತ್ತದೆ. ಗುಂಡಿ, ಜಿಪ್ ಕಿತ್ತು, ಬಣ್ಣದ ಪ್ರಕಾರ ಬೇರ್ಪಡಿಸಿ, ಯಂತ್ರದಲ್ಲಿ ಸಿಗಿದು ಮತ್ತೆ ನೂಲು ಮಾಡಿ ಕಂಬಳಿ ನೇಯುತ್ತಾರೆ. ಅಲ್ಲಿ ಬಟ್ಟೆ ಉಳಿಯುತ್ತದೆ, ತೊಟ್ಟವರ ಗುರುತು ಉಳಿಯುವುದಿಲ್ಲ. ಕೌದಿ ಎರಡನ್ನೂ ಉಳಿಸುತ್ತದೆ.

ಹಳೆಬಟ್ಟೆಗೆ ಅದರದ್ದೇ ಕಾಯಿಲೆಗಳಿವೆ, ಅವನ್ನು ಮುಚ್ಚಿಡಬಾರದು. ಕಬ್ಬಿಣದ ನೀರಿನಲ್ಲಿ ಕಪ್ಪು ಬಣ್ಣ ಹಾಕಿದ ಹಳೆ ಹತ್ತಿ, ಕಪ್ಪು ಇದ್ದಲ್ಲೇ ಪುಡಿಯಾಗುತ್ತದೆ, ಸುತ್ತಲಿನ ಬಟ್ಟೆ ಗಟ್ಟಿಯಾಗಿದ್ದರೂ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ತೂಕ ಬರಲೆಂದು ಲೋಹದ ಲವಣದಲ್ಲಿ ಅದ್ದಿದ ವಿಲಾಯತಿ ರೇಷ್ಮೆಗಳು ಮಡಿಕೆಯ ಗೆರೆಗುಂಟ ಸೀಳಿಹೋಗಿವೆ. ಉಣ್ಣೆಗೆ ನುಸಿ, ಗಂಜಿ ಉಳಿದ ಹತ್ತಿಗೆ ಬೆಳ್ಳಿಹುಳು. ತುಂಡನ್ನು ಹೊಲಿಯುವ ಮುಂಚೆ ಹಾಸು ಮತ್ತು ಹೊಕ್ಕು ಎರಡೂ ಕಡೆ ಎಳೆದು ನೋಡಿ. ಸದ್ದು ಮಾಡಿ ಸೀಳಿದರೆ ಅದಕ್ಕೆ ಗಟ್ಟಿ ಬಟ್ಟೆಯ ಬೆಂಬಲ ಕೊಡಿ, ಇಲ್ಲವೇ ಒಳಪದರಕ್ಕೆ ಕಳಿಸಿ. ಈಗಿನ ದೊಡ್ಡ ತೊಡಕು ಪಾಲಿಯೆಸ್ಟರ್. ಇವತ್ತಿನ ಸೀರೆಗಳಲ್ಲಿ ಅದೇ ಹೆಚ್ಚು. ಬೆರಳಿನಿಂದ ಮಡಚಿದ ಅಂಚು ನಿಲ್ಲದೆ ಬಿಚ್ಚಿಕೊಳ್ಳುತ್ತದೆ, ಬೆವರು ಹೀರುವುದಿಲ್ಲ, ಸವೆದು ಮೆತ್ತಗಾಗುವುದಕ್ಕೆ ಬದಲು ಎಳೆ ಹಿಂಜಿ ಗಂಟುಗಟ್ಟುತ್ತದೆ. ಅದನ್ನು ದೂರುತ್ತ ಕೂರುವ ಹಾಗಿಲ್ಲ, ನಮ್ಮ ಕಾಲದ ಹೆಂಗಸರು ಉಟ್ಟಿದ್ದು ಅದನ್ನೇ. ಬಿಸಿ ಕೊಟ್ಟರೆ ಪಾಲಿಯೆಸ್ಟರ್ ಮಡಿಕೆಯನ್ನು ಶಾಶ್ವತವಾಗಿ ಹಿಡಿಯುತ್ತದೆ. ಹತ್ತಿಯಿಂದ ಆಗದ ಚೂಪು ಏಣು, ಗರಿಗರಿ ನೆರಿಗೆ ಅದರಿಂದ ಆಗುತ್ತದೆ. ಹತ್ತಿಯ ಮೈ, ಪಾಲಿಯೆಸ್ಟರ್‌ನ ಗರಿ: ಇದನ್ನು ಕೂಡಿಸಿ ಯಾರಾದರೂ ದೊಡ್ಡ ಕೆಲಸ ಮಾಡುವುದನ್ನು ನಾನು ಆಸೆಯಿಂದ ಕಾಯುತ್ತಿದ್ದೇನೆ.

ಇನ್ನು ಹೆಸರು ಮತ್ತು ಹಣದ ಮಾತು. ಗೀಸ್ ಬೆಂಡಿನ ಕೌದಿಗಳ ವಿನ್ಯಾಸಗಳು ರಗ್ಗು, ಪುಸ್ತಕ, ಅಂಚೆಚೀಟಿಯವರೆಗೆ ಹೋದವು. ತಮಗೆ ನ್ಯಾಯವಾದ ಪಾಲು ಬರುತ್ತಿಲ್ಲವೆಂದು ಅಲ್ಲಿನ ಕೆಲವು ಹೊಲಿಗೆಗಾರ್ತಿಯರು 2007ರಲ್ಲಿ ನ್ಯಾಯಾಲಯಕ್ಕೆ ಹೋದರು, ಮರುವರ್ಷ ರಾಜಿಯಾಯಿತು. ಆದರೂ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದಿದ್ದರು: ಪ್ರತಿ ಕೌದಿಯ ಪಕ್ಕದಲ್ಲಿ ಹೊಲಿದವಳ ಹೆಸರು ಇತ್ತು. ನಮ್ಮಲ್ಲಿ ಕರಕುಶಲ ಮೇಳಗಳಲ್ಲಿ ಇವತ್ತಿಗೂ 'ಉತ್ತರ ಕರ್ನಾಟಕದ ಕೌದಿ' ಎಂಬ ಚೀಟಿಯಷ್ಟೇ ಇರುತ್ತದೆ. ಕೂಲಿಯನ್ನು ಕೌದಿಯ ಅಳತೆಗೆ ಲೆಕ್ಕ ಹಾಕುತ್ತಾರೆ, ಉದ್ದಗಲ ಒಂದೇ ಇದ್ದರೆ ಬೆಲೆಯೂ ಒಂದೇ. ಕಾಲಂಗುಲದ ಸಾಲಿನವಳಿಗೂ ಒಂದಂಗುಲದ ಸಾಲಿನವಳಿಗೂ ಒಂದೇ ಕೂಲಿ ಎಂದರೆ ನಾವು ದಟ್ಟ ಹೊಲಿಗೆಯನ್ನೇ ಕೊಲ್ಲುತ್ತಿದ್ದೇವೆ, ಮತ್ತು ಅದರ ಜೊತೆಗೆ ಶಿಲ್ಪದ ಸಾಧ್ಯತೆಯನ್ನೂ. ಕೂಲಿಯನ್ನು ಸಾಲಿನ ದಟ್ಟಣೆಗೆ ಕಟ್ಟಬೇಕು. ಕಲಾಶಾಲೆಗಳು ಕೌದಿ ಹೊಲಿಯುವವರನ್ನು ಒಂದು ಮಧ್ಯಾಹ್ನದ ಪ್ರಾತ್ಯಕ್ಷಿಕೆಗೆ ಕರೆದು ಶಾಲು ಹೊದಿಸಿ ಕಳಿಸುವುದು ಸಾಲದು. ಒಂದು ಪೂರ್ತಿ ಸೆಮಿಸ್ಟರ್ ಶಿಲ್ಪ ವಿಭಾಗದಲ್ಲಿ ಅಧ್ಯಾಪಕರಾಗಿ ಕೂರಿಸಬೇಕು, ಅಧ್ಯಾಪಕರ ಸಂಬಳ ಕೊಡಬೇಕು. ಬೂರ್ಜ್ವಾ ಅವರ ತಲೆಯ ಸ್ಲೈಡು ತೋರಿಸುವ ತರಗತಿಯಲ್ಲಿ, ಆ ಕೆನ್ನೆ ಹೇಗೆ ಎದ್ದಿತೆಂದು ಸೂಜಿ ಹಿಡಿದು ತೋರಿಸಬಲ್ಲವರು ಈ ಕೌದಿಯವರೇ.

ಈ ಸಭಾಂಗಣದ ಹೊರಗೆ ಉದ್ದನೆಯ ಮೇಜಿನ ಮೇಲೆ ಮೂರು ಕೌದಿಗಳನ್ನು ಹಾಸಿದ್ದೇವೆ: ಒಂದು ಕವಂದಿ, ಒಂದು ಬಯಲುಸೀಮೆಯದು, ಇನ್ನೊಂದು ಇನ್ನೂ ಅರ್ಧ ಹೊಲಿದಿದ್ದು. ಮುಟ್ಟಬಾರದೆಂಬ ಚೀಟಿ ಎಲ್ಲೂ ಇಟ್ಟಿಲ್ಲ. ಕಣ್ಣು ಮುಚ್ಚಿ ಅಂಗೈಯನ್ನು ಅಂಚಿನಿಂದ ನಡುವಿನವರೆಗೆ ಸವರಿ, ದಾರದ ಬಿಗಿ ಎಲ್ಲಿ ಬದಲಾಗುತ್ತದೆಂದು ಗುರುತಿಸಿ. ಆಮೇಲೆ ಮಗುಚಿ ಹಾಕಿ ಹಿಂಬದಿಯ ಸಾಲುಗಳನ್ನು ನೋಡಿ. ಅರ್ಧ ಹೊಲಿದ ಕೌದಿಯ ಪಕ್ಕದಲ್ಲಿ ಸೂಜಿ, ದಾರ, ಹಳೆಬಟ್ಟೆಯ ಗಂಟು ಇದೆ, ಅದನ್ನು ಹೊಲಿಯುತ್ತಿರುವವರೂ ಅಲ್ಲೇ ಕೂತಿರುತ್ತಾರೆ. ಪ್ರಶ್ನೆಗಳನ್ನು ನನಗಿಂತ ಮೊದಲು ಅವರಿಗೆ ಕೇಳಿ.